ಬೋಟಿನ ಜಿಪಿಎಸ್ ಪರದೆಯಲ್ಲಿ ನಕ್ಷೆ ದಿಕ್ಕು ತಪ್ಪಿದರೆ

ಬೋಟು ನಿಂತಲ್ಲೇ ಇದೆ, ಪರದೆಯ ನಕ್ಷೆ ಮಾತ್ರ ಸುತ್ತುತ್ತಿದೆ. ಚಾರ್ಟ್‌ಪ್ಲಾಟರ್ (ಬೋಟಿನ ಸ್ಥಾನವನ್ನು ನಕ್ಷೆಯ ಮೇಲೆ ತೋರಿಸುವ ಉಪಕರಣ) ಕೆಟ್ಟಿತೆಂದು ಬಿಚ್ಚಲು ಹೋಗಬೇಡಿ. ಒಂದೇ ಆಂಟೆನಾದ ಜಿಪಿಎಸ್‌ಗೆ ಬೋಟು ಯಾವ ಕಡೆಗೆ ಸಾಗುತ್ತಿದೆ ಎಂಬುದಷ್ಟೇ ತಿಳಿಯುತ್ತದೆ. ಮೂತಿ ಎತ್ತ ನೋಡುತ್ತಿದೆ ಎಂಬುದು ತಿಳಿಯುವುದಿಲ್ಲ. ಸಾಗುವ ದಿಕ್ಕು ಸಿಒಜಿ, ಮೂತಿಯ ದಿಕ್ಕು ಹೆಡಿಂಗ್. ಹೆಚ್ಚಿನ ಗೊಂದಲ ಹುಟ್ಟುವುದು ಇಲ್ಲೇ.

ಮೊದಲು ಚಾರ್ಟ್ ಸೆಟ್ಟಿಂಗ್‌ನಲ್ಲಿ ಓರಿಯಂಟೇಶನ್ ಅನ್ನು ನಾರ್ತ್ ಅಪ್‌ಗೆ ಹಾಕಿ. ಉತ್ತರ ಮೇಲಾಗಿ ನಕ್ಷೆ ಅಲ್ಲಾಡದೆ ನಿಂತು, ಬೋಟಿನ ಗುರುತು ಮಾತ್ರ ತಿರುಗುತ್ತಿದ್ದರೆ ಪರದೆ ಸರಿಯಿದೆ, ಅದಕ್ಕೆ ಬರುತ್ತಿರುವ ದಿಕ್ಕಿನ ಮಾಹಿತಿಯಲ್ಲಿ ಎಡವಟ್ಟಿದೆ. ಹೆಡ್ ಅಪ್‌ನಲ್ಲಿ ಗುರುತು ಸದಾ ಮೇಲ್ಮುಖವಾಗಿದ್ದು ನಕ್ಷೆಯೇ ತಿರುಗುತ್ತದೆ. ಕೋರ್ಸ್ ಅಪ್‌ನ ಅರ್ಥ ಮಾತ್ರ ಎಲ್ಲ ಉಪಕರಣಗಳಲ್ಲೂ ಒಂದೇ ಅಲ್ಲ: ಕೆಲವು ವೇಪಾಯಿಂಟ್‌ಗೆ (ನಕ್ಷೆಯಲ್ಲಿ ಗುರುತಿಟ್ಟ ತಲುಪಬೇಕಾದ ಜಾಗಕ್ಕೆ) ಹೋಗುವ ದಾರಿಯನ್ನು ಮೇಲಿಡುತ್ತವೆ, ಕೆಲವು ಸಾಗುತ್ತಿರುವ ದಿಕ್ಕನ್ನು. ಕೈಪಿಡಿ ನೋಡಿಕೊಳ್ಳುವುದು ಒಳ್ಳೆಯದು.

ಆಮೇಲೆ ಹೆಡಿಂಗ್ ಮತ್ತು ಸಿಒಜಿ ಅಂಕಿಗಳನ್ನು ಪರದೆಯ ಮೇಲೆ ಅಕ್ಕಪಕ್ಕ ತೆರೆದಿಡಿ. ಹೆಡಿಂಗ್ ಜಾಗದಲ್ಲಿ ಬರೀ ಗೆರೆಗಳಿದ್ದರೆ ದಿಕ್ಸೂಚಿ ಸೆನ್ಸರ್‌ನಿಂದ ಏನೂ ಬರುತ್ತಿಲ್ಲ, ಪ್ಲಾಟರ್ ಸಿಒಜಿಯಿಂದಲೇ ಕೆಲಸ ನಡೆಸುತ್ತಿದೆ. ವೇಗ ಒಂದೆರಡು ನಾಟ್‌ಗಿಂತ ಕಡಿಮೆಯಾದಾಗ ಸ್ಥಾನದ ಸಣ್ಣ ಏರುಪೇರೇ ಚಲನೆಯಂತೆ ಕಂಡು ಸಿಒಜಿ ಅಡ್ಡಾದಿಡ್ಡಿಯಾಗುತ್ತದೆ. ಸೆನ್ಸರ್ ಇಲ್ಲದವರು ನಿಧಾನ ಚಲನೆಯಲ್ಲಿ ನಾರ್ತ್ ಅಪ್ ಬಳಸುವುದೇ ಕ್ಷೇಮ. ಸಿಒಜಿ ಡ್ಯಾಂಪಿಂಗ್ (ಅಂಕಿಯ ಏರುಪೇರನ್ನು ಸರಾಸರಿ ಮಾಡಿ ತಗ್ಗಿಸುವ ಸೆಟ್ಟಿಂಗ್) ಹೆಚ್ಚಿಸಬಹುದು, ಆದರೆ ಬೋಟು ತಿರುಗಿದ ಮೇಲೆ ನಕ್ಷೆ ತಡವಾಗಿ ತಿರುಗುತ್ತದೆ. ಇಕ್ಕಟ್ಟಾದ ಕಾಲುವೆಯಲ್ಲಿ ಈ ತಡ ಅಪಾಯಕಾರಿ.

ಸೆನ್ಸರ್ ಇದ್ದೂ ಅಂಕಿ ಬರದಿದ್ದರೆ ವೈರಿಂಗ್ ನೋಡಿ. ಬೋಟಿನ ಉಪಕರಣಗಳು ಪರಸ್ಪರ ಮಾಹಿತಿ ಕಳಿಸಲು ಎನ್‌ಎಂಇಎ 2000 ಅಥವಾ ಹಳೆಯ ಎನ್‌ಎಂಇಎ 0183 ಎಂಬ ಸಂಪರ್ಕ ಮಾನಕ ಬಳಸುತ್ತವೆ. ಎನ್‌ಎಂಇಎ 2000 ಜಾಲವಾದರೆ ವಿದ್ಯುತ್ ಆಫ್ ಮಾಡಿ, ಬಿಳಿ ಮತ್ತು ನೀಲಿ ತಂತಿಗಳ ನಡುವೆ ಮಲ್ಟಿಮೀಟರ್ ಹಿಡಿಯಿರಿ. ಸುಮಾರು 60 ಓಮ್ ಬರಬೇಕು. 120 ಬಂದರೆ ಒಂದು ತುದಿಯ ಟರ್ಮಿನೇಟರ್ (ಜಾಲದ ಎರಡೂ ತುದಿಗೆ ಹಾಕುವ ರೆಸಿಸ್ಟರ್) ಇಲ್ಲ ಅಥವಾ ಸಡಿಲವಾಗಿದೆ. 40 ಬಂದರೆ ಒಂದು ಟರ್ಮಿನೇಟರ್ ಹೆಚ್ಚಾಗಿದೆ. ಎನ್‌ಎಂಇಎ 0183 ಆದರೆ ಎರಡೂ ಕಡೆ ಬಾಡ್ ದರ (ಮಾಹಿತಿ ಕಳಿಸುವ ವೇಗ) ಒಂದೇ ಇದೆಯೇ ನೋಡಿ. ಸಾಮಾನ್ಯ ದರ 4800, ವೇಗದ ಸೆನ್ಸರ್‌ಗಳಲ್ಲಿ 38400 ಇರಬಹುದು.

ಅಂಕಿ ಬರುತ್ತಿದ್ದೂ ತಪ್ಪಾಗಿದ್ದರೆ, ತಪ್ಪು ಎಂಥದ್ದು ಎಂಬುದೇ ಕಾರಣ ಹೇಳುತ್ತದೆ. ಸರಿಯಾಗಿ 180 ಡಿಗ್ರಿ ತಪ್ಪಿದ್ದರೆ ಸೆನ್ಸರ್‌ನ ಬಾಣ ಹಿಂದುಮುಂದಾಗಿ ಕೂತಿದೆ. ಎಲ್ಲ ದಿಕ್ಕಿನಲ್ಲೂ ಅಷ್ಟೇ ಡಿಗ್ರಿ ತಪ್ಪಿದ್ದರೆ ಸೆನ್ಸರ್ ಓರೆಯಾಗಿದೆ, ಇಲ್ಲವೇ ಒಂದು ಅಂಕಿ ಟ್ರೂ (ಭೌಗೋಳಿಕ ಉತ್ತರದಿಂದ ಅಳೆದದ್ದು), ಇನ್ನೊಂದು ಮ್ಯಾಗ್ನೆಟಿಕ್ (ಕಾಂತೀಯ ಉತ್ತರದಿಂದ ಅಳೆದದ್ದು). ದಿಕ್ಕು ಬದಲಾದಂತೆ ತಪ್ಪೂ ಬದಲಾಗುತ್ತಿದ್ದರೆ ಹತ್ತಿರದಲ್ಲಿ ಸ್ಪೀಕರ್, ಕಬ್ಬಿಣ ಅಥವಾ ದಪ್ಪ ಬ್ಯಾಟರಿ ಕೇಬಲ್ ಇದೆ. ಸೆನ್ಸರನ್ನು ಅವುಗಳಿಂದ ಕನಿಷ್ಠ ಒಂದು ಮೀಟರ್ ದೂರ ಇಡಿ. ನಂತರ ಗಾಳಿ, ಅಲೆ ಕಡಿಮೆಯಿರುವ ತೆರೆದ ನೀರಿನಲ್ಲಿ, ಉಕ್ಕಿನ ಹಡಗುಗಳಿಂದ ದೂರದಲ್ಲಿ, ಸೆನ್ಸರ್‌ನ ಕ್ಯಾಲಿಬ್ರೇಶನ್ (ಸುತ್ತಲಿನ ಕಾಂತೀಯ ಪ್ರಭಾವಕ್ಕೆ ತಕ್ಕಂತೆ ಹೊಂದಿಸುವುದು) ಶುರುಮಾಡಿ ಬೋಟನ್ನು ನಿಧಾನವಾಗಿ, ಒಂದೇ ಸಮನೆ ವೃತ್ತಾಕಾರವಾಗಿ ತಿರುಗಿಸಿ. ಉಪಕರಣ ಮುಗಿಯಿತೆನ್ನುವ ತನಕ ನಿಲ್ಲಿಸಬೇಡಿ.

ಹೆಡಿಂಗ್ ಮತ್ತು ಸಿಒಜಿ ನಡುವೆ ಉಳಿದ ವ್ಯತ್ಯಾಸವನ್ನು ಆಫ್‌ಸೆಟ್ (ಹೆಡಿಂಗ್‌ಗೆ ಕೂಡುವ ಅಥವಾ ಕಳೆಯುವ ಡಿಗ್ರಿ) ಹಾಕಿ ಸರಿಪಡಿಸಿ. ಅದಕ್ಕೆ ನೀರಿನ ಸೆಳೆತವಿಲ್ಲದ ಹೊತ್ತೇ ಬೇಕು: ಅಡ್ಡ ಸೆಳೆತದಲ್ಲಿ ಹೆಡಿಂಗ್ ಮತ್ತು ಸಿಒಜಿ ಬೇರೆಯಾಗುವುದು ಸಹಜ, ಅದನ್ನು ದೋಷವೆಂದು ತಿದ್ದಿದರೆ ಸರಿಯಿದ್ದ ಹೆಡಿಂಗ್ ಕೆಡುತ್ತದೆ. ರಾಡಾರ್ ಚಿತ್ರ ನಕ್ಷೆಯ ದಡಕ್ಕೆ ಹೊಂದುತ್ತಿಲ್ಲವಾದರೆ ಅದನ್ನು ಹೊಂದಿಸುವುದು ಇದೆಲ್ಲ ಮುಗಿದ ಮೇಲೆ.