ಸಿದ್ದಿ ಕೌದಿಗೆ ಬೆಲೆ ಕಟ್ಟಿದ ಬಗೆ: ನನ್ನ ಅನುಭವ

ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲೂಕುಗಳ ಕಾಡಂಚಿನಲ್ಲಿ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕೌದಿಗಳನ್ನು, ಅಂದರೆ ಹಳೆ ಬಟ್ಟೆಯ ತುಂಡು ಸೇರಿಸಿ ಮಾಡಿದ ಹೊದಿಕೆಗಳನ್ನು, ಪೇಟೆಯ ಮನೆಗಳಿಗೆ ತಲುಪಿಸುವ ಕೆಲಸವನ್ನು ಕೆಲವು ವರ್ಷಗಳಿಂದ ಮಾಡುತ್ತಿದ್ದೇನೆ. ಇಂಥದ್ದೇ ಕೆಲಸಕ್ಕೆ ಕೈ ಹಾಕಬೇಕೆಂದಿರುವವರು ಮೊದಲು ಕೇಳುವುದು ಗಿರಾಕಿ ಎಲ್ಲಿ ಸಿಗುತ್ತಾರೆ ಅಂತ. ನನ್ನ ಮಟ್ಟಿಗೆ ಗಿರಾಕಿ ಹುಡುಕುವುದಕ್ಕಿಂತ ಬೆಲೆ ಕಟ್ಟುವುದಕ್ಕೇ ಹೆಚ್ಚು ತಲೆ ಓಡಿಸಬೇಕಾಯಿತು.

ಕೌದಿ ಉತ್ತರ ಕರ್ನಾಟಕದವರಿಗೆ ಹೊಸದಲ್ಲ. ಆದರೆ ಸಿದ್ದಿಯರ ಕೌದಿಯನ್ನು ದೂರದಿಂದಲೇ ಗುರುತಿಸಬಹುದು. ಕೆಳಗೆ ಹಳೆಯ ಹತ್ತಿ ಸೀರೆ, ಮೇಲೆ ಬಣ್ಣಬಣ್ಣದ ತುಂಡುಗಳು. ಒಂದು ಮೂಲೆಯಲ್ಲಿ ಹಿಡಿದ ಸೂಜಿ ಅಂಚಿನಗುಂಟ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತದೆ. ಉದ್ದಕ್ಕೂ ಒತ್ತೊತ್ತಾಗಿ ಹಾಕಿದ ಕೈಹೊಲಿಗೆ. ಕ್ರೈಸ್ತರ ಮನೆಯ ಕೌದಿಯಲ್ಲಿ ಶಿಲುಬೆ, ಮುಸ್ಲಿಮರ ಮನೆಯದರಲ್ಲಿ ಅರ್ಧಚಂದ್ರ ಕಾಣುವುದೂ ಉಂಟು. ಕೊನೆಗೆ ನಾಲ್ಕೂ ಮೂಲೆಗೆ ‘ಫುಲಾ’, ಅಂದರೆ ಬಟ್ಟೆಯನ್ನು ಪದರ ಪದರವಾಗಿ ಮಡಚಿ ಹೊಲಿದ ಪುಟ್ಟ ಹೂವು. ಒಬ್ಬ ಗಿರಾಕಿ ಮೂಲೆ ಸಪಾಟಾಗಿರಲಿ, ಫುಲಾ ಬೇಡ ಅಂದಿದ್ದರು. ಅದನ್ನು ಹೇಳಿದ್ದಕ್ಕೆ ಹಿರಿಯ ಹೆಂಗಸೊಬ್ಬರು, “ಅದಿಲ್ಲದಿದ್ರೆ ಕೌದಿ ಬತ್ತಲೆ ಇದ್ದ ಹಾಗೆ ತಂಗೀ, ಹಾಗೆ ಕೊಡೂದಿಲ್ಲ” ಅಂದುಬಿಟ್ಟರು. ಆ ಆರ್ಡರು ಹೋಯಿತು. ಹೋಗಲಿ ಎಂದೇ ನಾನೂ ಸುಮ್ಮನಾದೆ. ವಿನ್ಯಾಸದ ವಿಷಯದಲ್ಲಿ ಮಾತು ಅವರದೇ ನಡೆಯಬೇಕು.

ಇನ್ನು ಬೆಲೆ. ಹಳೆ ಬಟ್ಟೆಗೆ ಖರ್ಚೇನು, ಮನೆಯಲ್ಲೇ ಕೂತು ಹೊಲಿಯುವುದಕ್ಕೆ ಕೂಲಿಯೇನು ಎಂಬ ಲೆಕ್ಕದಲ್ಲೇ ಕೌದಿಗಳು ತೀರಾ ಅಗ್ಗಕ್ಕೆ ಹೋಗುತ್ತಿದ್ದವು. ಹೊಲಿಯುವವರಿಗೂ ತಮ್ಮ ಹೊತ್ತಿನ ಲೆಕ್ಕ ಇಡುವ ರೂಢಿ ಇರಲಿಲ್ಲ. ಅಡುಗೆ, ಸೌದೆ, ಮಕ್ಕಳ ನಡುವೆ ಸಿಕ್ಕ ಬಿಡುವಿನಲ್ಲಿ ಹೊಲಿದದ್ದನ್ನು ಅವರು ಕೆಲಸವೆಂದೇ ಎಣಿಸುತ್ತಿರಲಿಲ್ಲ. ಹಾಗಾಗಿ ಪ್ರತಿ ಮನೆಗೂ ಒಂದು ಶಾಲೆಯ ನೋಟುಬುಕ್ಕು ಕೊಟ್ಟೆ. ಒಂದು ತಾಸು ಹೊಲಿದರೆ ಒಂದು ಗೀಟು. ಓದು ಬರಹ ಬಾರದವರ ಮನೆಯಲ್ಲಿ ಮಕ್ಕಳು ಗೀಟು ಹಾಕಿದರು.

ಪುಸ್ತಕ ತುಂಬಿದ ಮೇಲೆ ಎಲ್ಲರೂ ಕೂತು ಕೂಡಿಸಿದೆವು. ದಿನಕ್ಕೆ ನಾಲ್ಕು ತಾಸಿನಂತೆ ತಿಂಗಳು ಹಿಡಿದ ದೊಡ್ಡ ಕೌದಿ ಅಂದರೆ 120 ತಾಸು, ದಿನಕ್ಕೆ ಎಂಟು ತಾಸಿನ ಲೆಕ್ಕದಲ್ಲಿ 15 ದಿನದ ಕೂಲಿ. ಉದ್ಯೋಗ ಖಾತರಿ ಯೋಜನೆಯಲ್ಲಿ ಕರ್ನಾಟಕಕ್ಕೆ 2025–26ರಲ್ಲಿ ನಿಗದಿಯಾಗಿದ್ದ ದಿನಗೂಲಿ 370 ರೂಪಾಯಿ. ಕೆರೆಯ ಹೂಳೆತ್ತುವ ಕೆಲಸಕ್ಕೇ ಸರ್ಕಾರ ಅಷ್ಟು ಕೊಡುತ್ತಿದ್ದಾಗ ಕೌಶಲದ ಕೆಲಸಕ್ಕೆ ಅದಕ್ಕಿಂತ ಕಡಿಮೆ ಕೇಳುವ ಮಾತೇ ಇರಲಿಲ್ಲ. ಬರೀ ಕೂಲಿಯೇ 5,550 ರೂಪಾಯಿ ಆಯಿತು. ದಾರ, ಅಂಚೆ ಖರ್ಚು ಅದರ ಮೇಲೆ. ಆ ಮೊತ್ತ ಕೇಳಿ ಮೊದಲು ಹೆದರಿದವರು ಹೊಲಿಯುವವರೇ: “ಇಷ್ಟಕ್ಕೆ ಯಾರು ತಗೋತಾರೆ ಅಕ್ಕಾ?” ತೆಗೆದುಕೊಳ್ಳುವವರು ಇದ್ದಾರೆ. ಗೀಟು ಹಾಕಿದ ಹಾಳೆಯ ಫೋಟೊವನ್ನೇ ಗಿರಾಕಿಗಳಿಗೆ ಕಳಿಸುತ್ತೇನೆ. ಅದನ್ನು ನೋಡಿದ ಮೇಲೂ ಚೌಕಾಸಿ ಮಾಡುವವರು ಕಡಿಮೆ, ಮಾಡಿದರೆ ನಾವು ಒಪ್ಪುವುದೂ ಇಲ್ಲ.

ಅರ್ಧ ಹಣ ಮುಂಗಡ. ಅದು ಹೊಲಿಯುವವರ ಸ್ವಂತ ಬ್ಯಾಂಕ್ ಖಾತೆಗೇ ಹೋಗಬೇಕು, ಗುಂಪಿನ ಮುಖ್ಯಸ್ಥರ ಖಾತೆಗಲ್ಲ, ಗಂಡನ ಖಾತೆಗೂ ಅಲ್ಲ.

ಬಟ್ಟೆಯದು ಬೇರೆ ಸಮಸ್ಯೆ. ಅವರ ಮನೆಯ ಹಳೆ ಬಟ್ಟೆ ಅವರ ಮಕ್ಕಳಿಗೇ ಸಾಲದು. ಪಾಲಿಸ್ಟರ್ ತುಂಡು ಎಲ್ಲೆಡೆ ಸಿಗುತ್ತದೆ, ಆದರೆ ಹೊಲಿಗೆಯಲ್ಲಿ ಜಾರುತ್ತದೆ, ಹೊದ್ದರೆ ಬೆವರು ಹೀರುವುದಿಲ್ಲ. ಆಗ ಹೊಳೆದ ದಾರಿ, ಗಿರಾಕಿಗಳ ಮನೆಯ ಬಟ್ಟೆಯನ್ನೇ ತರಿಸುವುದು. ಅಜ್ಜಿಯ ಸೀರೆ, ಅಪ್ಪನ ಪಂಚೆ, ಮಗುವಿನ ಅಂಗಿ, ಏನಾದರೂ ಸರಿ. ಹತ್ತಿಯದಾಗಿರಬೇಕು, ಒಗೆದು ಒಣಗಿಸಿರಬೇಕು. ಯಾವ ತುಂಡು ಎಲ್ಲಿ ಕೂರಬೇಕು ಎಂಬುದು ಮಾತ್ರ ಹೊಲಿಯುವವರ ಕಣ್ಣಿಗೆ ಬಿಟ್ಟದ್ದು. ಈಗ ನಮ್ಮ ಹೆಚ್ಚಿನ ಆರ್ಡರು ಇಂಥವೇ, ಮತ್ತು ನನಗೆ ಅತ್ಯಂತ ಸಂತೋಷ ಕೊಡುವುದೂ ಇವೇ.

ಗಡುವನ್ನು ಕೇರಿಯ ಕ್ಯಾಲೆಂಡರ್ ನೋಡಿಯೇ ಕೊಡುತ್ತೇನೆ. ನಾಟಿಯ ಹೊತ್ತಿನಲ್ಲಿ ಗದ್ದೆ, ಆಮೇಲೆ ಅಡಿಕೆ ಸುಲಿಯುವ ಕೂಲಿ. ಮಲೆನಾಡಿನ ಮಳೆಯಲ್ಲಂತೂ ದಪ್ಪ ಕೌದಿ ಒಗೆದರೆ ಒಣಗುವುದೇ ಇಲ್ಲ. ದೀಪಾವಳಿಗೆ ಉಡುಗೊರೆ ಬೇಕು ಅಂತ ಮಳೆಗಾಲದಲ್ಲಿ ಫೋನು ಮಾಡುವವರಿಗೆ ಆಗುವುದಿಲ್ಲ ಎನ್ನುತ್ತೇನೆ.

ಕೌದಿಯ ಜೊತೆ ಕಳಿಸುವ ಚೀಟಿಯ ಬಗ್ಗೆ ಒಂದು ಮಾತು. ಗಿರಾಕಿಗಳಿಗೆ ಸಿದ್ದಿಯರ ಆಫ್ರಿಕಾ ಮೂಲದ ಕಥೆ ಬೇಕು. ಆ ಚರಿತ್ರೆ ನಿಜ; ಪೋರ್ಚುಗೀಸರು ಗುಲಾಮರಾಗಿ ಗೋವೆಗೆ ತಂದವರಲ್ಲಿ ತಪ್ಪಿಸಿಕೊಂಡು ಈ ಕಾಡು ಸೇರಿದವರ ಸಂತತಿಯೂ ಇಲ್ಲಿದೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ಪ್ರಯತ್ನದಿಂದ ಈ ಕೌದಿಗಳು 2011ರಲ್ಲಿ ನ್ಯೂಯಾರ್ಕಿನಲ್ಲೂ ಪ್ರದರ್ಶನ ಕಂಡವು. ಆದರೆ ಬಸ್ಸಿನಲ್ಲಿ, ಸಂತೆಯಲ್ಲಿ ‘ನೀವು ಯಾವ ದೇಶದವರು’ ಎಂಬ ಪ್ರಶ್ನೆ ಕೇಳಿ ಕೇಳಿ ದಣಿದವರು ಇವರು. ಚೀಟಿಯಲ್ಲಿ ಏನಿರಬೇಕು ಅಂತ ಅವರನ್ನೇ ಕೇಳಿದೆ. ತಮ್ಮ ಹೆಸರು, ಊರು, ಒಗೆಯುವ ಕ್ರಮ ಇಷ್ಟು ಸಾಕು ಅಂದರು. ಅಷ್ಟೇ ಬರೆಯುತ್ತೇವೆ. ಮುಖದ ಫೋಟೊ ಒಪ್ಪಿದವರದ್ದು ಮಾತ್ರ.

ಸರ್ಕಾರಿ ಸೌಲಭ್ಯಗಳ ಬಗ್ಗೆ ಚುಟುಕಾಗಿ: ಉತ್ತರ ಕನ್ನಡದ ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಕೇಂದ್ರ ಜವಳಿ ಮಂತ್ರಾಲಯದ ಕರಕುಶಲ ವಿಭಾಗ ಕೊಡುವ ‘ಪೆಹಚಾನ್’ ಗುರುತಿನ ಚೀಟಿಯನ್ನು ಮೊದಲು ಮಾಡಿಸಿ, ಕರಕುಶಲ ಮೇಳಗಳಿಗೆ ಅರ್ಜಿ ಹಾಕುವಾಗ ಕೆಲಸಕ್ಕೆ ಬರುತ್ತದೆ. ಸಾಂಪ್ರದಾಯಿಕ ಕುಶಲಕರ್ಮಿಗಳಿಗೆ ನೆರವು ಕೊಡುವ ಕೇಂದ್ರದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಇದೆ, ಕೌದಿ ಹೊಲಿಯುವವರ ಹೆಸರಿಲ್ಲ. ಸೇರಬೇಕು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಈಚೆಗೆ ಕೌದಿಯಂತೆ ಕಾಣುವ ಅಚ್ಚಿನ ಹೊದಿಕೆಗಳು ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಎರಡಕ್ಕೂ ಏನು ವ್ಯತ್ಯಾಸ ಎಂದು ಕೇಳುವವರಿಗೆ ನಾನು ಹೇಳುವುದಿಷ್ಟು: ತಿರುಗಿಸಿ ಹಿಂಬದಿ ನೋಡಿ. ಕೈಯಲ್ಲಿ ಹೊಲಿದದ್ದಾದರೆ ಮುಂದಿನ ಪ್ರತಿ ಹೊಲಿಗೆಯೂ ಹಿಂದೆ ಕಾಣುತ್ತದೆ, ಎರಡು ಹೊಲಿಗೆ ಒಂದೇ ಅಳತೆ ಇರುವುದಿಲ್ಲ.