ಸರ್ಕಾರ ಬದಲಾದಾಗ ನಮ್ಮ ಕಾಡು, ಹುಲ್ಲುಗಾವಲಿನ ಮೇಲೆ ಕಣ್ಣಿಡುವ ಬಗೆ

ಹೊಸ ಸರ್ಕಾರ ಬಂದ ಮೇಲೆ ಭೀಮಗಡಕ್ಕೋ ಯಡಹಳ್ಳಿಗೋ, ಅಂದರೆ ನಮ್ಮ ಭಾಗದ ವನ್ಯಜೀವಿಧಾಮಗಳಿಗೆ, ಏನಾದೀತು ಎಂದು ತಿಳಿಯಲು ಮಂತ್ರಿಗಳ ಹೇಳಿಕೆ ಓದಿದರೆ ಸಾಲದು. ಆ ಜಾಗಕ್ಕೆ ರಕ್ಷಣೆ ಸಿಕ್ಕಿರುವುದು ಕಾಯ್ದೆಯಡಿಯ ಅಧಿಸೂಚನೆಯಿಂದಲೋ, ಬರೀ ಸರ್ಕಾರಿ ಆದೇಶದಿಂದಲೋ ಎಂಬುದನ್ನು ಮೊದಲು ನೋಡಿ. ಆದೇಶವನ್ನು ಮುಂದಿನ ಸರ್ಕಾರ ಇನ್ನೊಂದು ಆದೇಶ ಹೊರಡಿಸಿ ಅಳಿಸಬಹುದು. ಅಧಿಸೂಚನೆ ಅಷ್ಟು ಸುಲಭಕ್ಕೆ ಅಲುಗುವುದಿಲ್ಲ.

ಖಾನಾಪುರ ತಾಲ್ಲೂಕಿನ ಭೀಮಗಡ 2011ರಲ್ಲಿ ವನ್ಯಜೀವಿಧಾಮವಾಯಿತು. ವಿಸ್ತೀರ್ಣ ಸುಮಾರು 190 ಚದರ ಕಿ.ಮೀ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 26ಎ ಕಲಮಿನ ಪ್ರಕಾರ ಇಂಥ ಧಾಮದ ಗಡಿಯನ್ನು ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಶಿಫಾರಸಿಲ್ಲದೆ ರಾಜ್ಯ ಬದಲಿಸುವಂತಿಲ್ಲ. ರಾಜ್ಯಪತ್ರದ ಪ್ರತಿ ತೆಗೆಸಿ ಕಲಮು ಓದಿ: 18ರಡಿ ಹೊರಡುವುದು ಉದ್ದೇಶದ ಪ್ರಕಟಣೆ, 26ಎ ಅಡಿಯದು ಅಂತಿಮ.

ಬೇಗ ಬದಲಾಗುವುದು ಬೇರೆ ಸಂಗತಿಗಳು. ಡಿಸಿಎಫ್ (ಉಪ ಅರಣ್ಯ ಸಂರಕ್ಷಣಾಧಿಕಾರಿ), ಆರ್‌ಎಫ್‌ಒ (ವಲಯ ಅರಣ್ಯಾಧಿಕಾರಿ) ವರ್ಗಾವಣೆ ಮೊದಲ ಕೆಲವು ತಿಂಗಳಲ್ಲೇ ನಡೆಯುತ್ತದೆ. ರಾಜ್ಯ ವನ್ಯಜೀವಿ ಮಂಡಳಿಗೆ ಮುಖ್ಯಮಂತ್ರಿಯೇ ಅಧ್ಯಕ್ಷರು, ಹಾಗಾಗಿ ಸದಸ್ಯರ ಪಟ್ಟಿ ಹೊಸದಾಗುವುದುಂಟು. ಎಲ್ಲಕ್ಕಿಂತ ಅಪಾಯದಲ್ಲಿರುವುದು ಕಂದಾಯ ಇಲಾಖೆಯ ಕೈಯಲ್ಲಿರುವ ಗೋಮಾಳ, ಕುರುಚಲು ಕಾಡು, ಹುಲ್ಲುಗಾವಲು. ಬಯಲುಸೀಮೆಯ ತೋಳ, ಕೃಷ್ಣಮೃಗ ಬದುಕುವುದು ಇಂಥಲ್ಲೇ, ದಾಖಲೆಯಲ್ಲಿ ಮಾತ್ರ ಅದು ‘ಪಾಳು ಭೂಮಿ’. ಡೀಮ್ಡ್ ಅರಣ್ಯದ, ಅಂದರೆ ಅಧಿಸೂಚನೆಯಾಗದಿದ್ದರೂ ಅರಣ್ಯವೆಂದೇ ಪರಿಗಣಿಸುವ ಜಾಗದ ಪಟ್ಟಿ ನೋಡಿ: ಸುಮಾರು 9.94 ಲಕ್ಷ ಹೆಕ್ಟೇರ್ ಎಂದು ಗುರುತಿಸಿದ್ದರಲ್ಲಿ 2022ರಲ್ಲಿ ಉಳಿದದ್ದು ಸುಮಾರು 3.3 ಲಕ್ಷ. ನಿಮ್ಮೂರಿನ ಸರ್ವೆ ನಂಬರ್ ಒಳಗಿದೆಯೋ ಹೊರಗಿದೆಯೋ, ಪಹಣಿಯೊಂದಿಗೆ ತಾಳೆ ನೋಡಿ. ವಿಜಯಪುರ, ಬಾಗಲಕೋಟೆಯವರು ಮೊದಲು ಮಾಡಬೇಕಾದ ಕೆಲಸವಿದು.

ಕೆಲವು ವಿಷಯದಲ್ಲಿ ಪಕ್ಷ ಬದಲಾದರೂ ನಿಲುವು ಬದಲಾಗದು. ಮಹದಾಯಿ ಕಣಿವೆಯ ನೀರನ್ನು ಮಲಪ್ರಭೆಗೆ ತಿರುಗಿಸುವ ಕಳಸಾ-ಬಂಡೂರಿ ಯೋಜನೆ ಎಲ್ಲ ಪಕ್ಷಗಳಿಗೂ ಬೇಕು, ಮಲಪ್ರಭೆಯ ರೈತರ ಕಷ್ಟವೂ ನಿಜ. ಇಲ್ಲಿ ಯಾರು ಗೆದ್ದರು ಎಂಬುದಕ್ಕಿಂತ ಅರಣ್ಯ, ವನ್ಯಜೀವಿ ಅನುಮತಿಯಲ್ಲಿ ಹಾಕಿದ ಷರತ್ತುಗಳೇನು ಎಂದು ಹುಡುಕಬೇಕು.

ಹುಡುಕುವುದು ಪರಿಸರ, ಅರಣ್ಯ, ವನ್ಯಜೀವಿ ಅನುಮತಿಯ ಅರ್ಜಿಗಳಿರುವ ಕೇಂದ್ರದ ಪರಿವೇಶ್ ಜಾಲತಾಣದಲ್ಲಿ. ರಾಜ್ಯ, ಜಿಲ್ಲೆ ಆಯ್ದು ತಿಂಗಳಿಗೊಮ್ಮೆ ಪ್ರಸ್ತಾವನೆಗಳ ಪಟ್ಟಿ ಇಳಿಸಿಕೊಳ್ಳಿ. ಜೊತೆಯಲ್ಲಿ ಯೋಜನೆಯ ಗಡಿ ತೋರಿಸುವ ಕೆಎಂಎಲ್ ನಕ್ಷೆ ಕಡತ ಇದ್ದರೆ ಗೂಗಲ್ ಅರ್ಥ್‌ನಲ್ಲಿ ತೆರೆಯಿರಿ, ಯಾವ ಹಳ್ಳ, ಯಾವ ಗುಡ್ಡ ಹೋಗುತ್ತದೆಂದು ಗೊತ್ತಾಗುತ್ತದೆ. ಜಾಲತಾಣದಲ್ಲಿ ಸಿಗದ್ದಕ್ಕೆ ಮಾಹಿತಿ ಹಕ್ಕು ಅರ್ಜಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದದೊಳಗೆ. ‘ಯಾಕೆ ಅನುಮತಿ ಕೊಟ್ಟಿರಿ?’ ಎಂದು ಬರೆದರೆ, ಅಭಿಪ್ರಾಯ ಕೊಡಲು ಬರುವುದಿಲ್ಲ ಎಂಬ ಉತ್ತರದೊಂದಿಗೆ ಅರ್ಜಿ ವಾಪಸಾಗುತ್ತದೆ. ಬದಲಿಗೆ ಡಿಸಿಎಫ್ ಅವರ ಸ್ಥಳ ಪರಿಶೀಲನಾ ವರದಿ ಮತ್ತು ನಕ್ಷೆಯ ದೃಢೀಕೃತ ಪ್ರತಿ ಕೇಳಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ.

ಸಕ್ಕರೆ ಕಾರ್ಖಾನೆ ವಿಸ್ತರಣೆಗೋ ಸುಣ್ಣಕಲ್ಲು ಗಣಿಗೋ ಪರಿಸರ ಸಾರ್ವಜನಿಕ ಆಲಿಕೆ ನಡೆಯುವುದಿದ್ದರೆ ಕನಿಷ್ಠ 30 ದಿನ ಮುಂಚೆ ಪ್ರಕಟಣೆ ಬರಬೇಕು. ಪರಿಸರ ಪರಿಣಾಮ ವರದಿಯ ಸಾರಾಂಶ ಕನ್ನಡದಲ್ಲೂ ಸಿಗಬೇಕು, ಸಿಗದಿದ್ದರೆ ಅದನ್ನೇ ಮೊದಲ ಆಕ್ಷೇಪಣೆಯಾಗಿ ಬರೆದುಕೊಡಿ. ಆಲಿಕೆಗೆ ಕೋರಂ (ಕನಿಷ್ಠ ಹಾಜರಾತಿ) ಬೇಕಿಲ್ಲ, ಊರಿನವರು ಹೋಗದೆ ಉಳಿದರೂ ಸಭೆ ಮುಗಿದಂತೆಯೇ. ಬಾಯಲ್ಲಿ ಕೂಗಿದ್ದು ನಡಾವಳಿಯಲ್ಲಿ ಒಂದು ಸಾಲಾಗಿಬಿಡಬಹುದು. ಆದ್ದರಿಂದ ಸರ್ವೆ ನಂಬರ್, ಬಾವಿ, ಹಳ್ಳ, ಪ್ರಾಣಿ ಓಡಾಡುವ ದಾರಿ ನಮೂದಿಸಿ ಲಿಖಿತವಾಗಿ ಕೊಟ್ಟು, ಇನ್ನೊಂದು ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆಯುವ ವರ್ಷ, ದಿನಾಂಕ ಪ್ರಕಟವಾದ ಕೂಡಲೇ ನಿಮ್ಮ ಶಾಸಕರಿಗೆ ಪ್ರಶ್ನೆ ಬರೆದುಕೊಡಿ. ಅರಣ್ಯ ರಕ್ಷಕರ ಹುದ್ದೆ ಎಷ್ಟು ಖಾಲಿ, ಪರಿಹಾರಾತ್ಮಕ ಅರಣ್ಯೀಕರಣದ (ಕಳೆದ ಕಾಡಿಗೆ ಬದಲಾಗಿ ಗಿಡ ಬೆಳೆಸುವ) ಹಣ ಯಾವ ತಾಲ್ಲೂಕಿಗೆ ಹೋಯಿತು ಎಂಬಂಥ ಅಂಕಿ ಬೇಡುವ ಪ್ರಶ್ನೆಗೆ ಸದನದಲ್ಲಿ ಸಿಗುವ ಉತ್ತರ ಮುಂದೆ ದಾಖಲೆಯಾಗುತ್ತದೆ.

ಅನುಮತಿ ಹೊರಬಿದ್ದ ಮೇಲೆ ಸಮಯ ಬಹಳ ಕಡಿಮೆ. ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಮೇಲ್ಮನವಿ ಸಲ್ಲಿಸಲು ಆದೇಶ ತಿಳಿದ ದಿನದಿಂದ 30 ದಿನ. ತಕ್ಕ ಕಾರಣ ತೋರಿಸಿದರೆ ಇನ್ನೂ 60 ದಿನ ಸಿಗಬಹುದು, ಅದರಾಚೆ ಇಲ್ಲ. ಆದೇಶ ಜಾಲತಾಣದಲ್ಲಿ ಕಂಡ ದಿನವೇ ದಿನಾಂಕ ಕಾಣುವಂತೆ ಮುದ್ರಿಸಿಟ್ಟುಕೊಂಡು ವಕೀಲರನ್ನು ಕಾಣಿ.