ಕಲೆ ಬಿದ್ದ ಹಳೇ ಪತ್ರ, ಅಚ್ಚುಕಟ್ಟಾದ ಕಪ್ಪು-ಬಿಳುಪು

ಹಳೇ ಪತ್ರವನ್ನು ಸ್ಕ್ಯಾನ್ ಮಾಡಿ ನೇರವಾಗಿ ಕಪ್ಪು-ಬಿಳುಪಿಗೆ ತಿರುಗಿಸಿದರೆ ಒಂದೋ ಕಲೆಯ ಜಾಗ ಮಸಿ ಬಳಿದಂತಾಗುತ್ತದೆ, ಇಲ್ಲವೇ ಮಾಸಿದ ಅಕ್ಷರಗಳು ಮಾಯ. ಬೂದು ಚಿತ್ರದ ಪ್ರತಿ ಚುಕ್ಕಿಗೂ 0ಯಿಂದ 255ರವರೆಗೆ ಒಂದು ಅಂಕಿ ಇರುತ್ತದೆ. 0 ಕಪ್ಪು, 255 ಬಿಳಿ. ನಡುವೆ ಎಲ್ಲೋ ಒಂದು ಗಡಿ ಹಾಕಬೇಕು. 1979ರಲ್ಲಿ ಬಂದ ಒಟ್ಸು ವಿಧಾನ ಆ ಗಡಿಯನ್ನು ತಾನೇ ಹುಡುಕುತ್ತದೆ. ಆದರೆ ಇಡೀ ಪುಟಕ್ಕೆ ಒಂದೇ ಗಡಿ. ಈ ಮೂಲೆಯ ಕಲೆ ಆ ಮೂಲೆಯ ಅಕ್ಷರಕ್ಕಿಂತ ಕಪ್ಪಗಿದ್ದರೆ ಅದಾದರೂ ಏನು ಮಾಡೀತು?

ಮೊದಲು ಸ್ಕ್ಯಾನ್ ಚೆನ್ನಾಗಿರಲಿ. ಬಣ್ಣದಲ್ಲೇ ಮಾಡಿ. ಇಂಚಿಗೆ 300 ಚುಕ್ಕಿಗಿಂತ (ಡಿಪಿಐ) ಕಡಿಮೆ ಬೇಡ, ಸಣ್ಣ ಅಕ್ಷರವಾದರೆ 600. ಫೈಲ್ ಜೆಪೆಗ್ ಬೇಡ, ಟಿಫ್ ಇರಲಿ. ಹಿಂಬದಿಯ ಬರಹ ಇಣುಕುತ್ತಿದ್ದರೆ ಹಾಳೆಯ ಬೆನ್ನಿಗೆ ಕಪ್ಪು ಕಾಗದ ಇಡಿ.

ಮುಂದಿನದು ಜಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ. ಇದು ಉಚಿತ. ‘ಕಲರ್ಸ್’ ಮೆನುವಿನ ‘ಎಕ್ಸ್‌ಟ್ರಾಕ್ಟ್ ಕಾಂಪೊನೆಂಟ್’ನಲ್ಲಿ ಕೆಂಪು ಆರಿಸಿ. ಹಳದಿ, ಕಂದು ಕಲೆಗಳು ಅರ್ಧಕ್ಕರ್ಧ ತಿಳಿಯಾಗುತ್ತವೆ. ಹಾಗಂತ ಸುಮ್ನೆ ಎಲ್ಲದಕ್ಕೂ ಕೆಂಪು ಬೇಡ. ಶಾಯಿಯೇ ಕಂದಾಗಿದ್ದರೆ, ಅಥವಾ ಕೆಂಪು ಮೊಹರು ಉಳಿಯಬೇಕಿದ್ದರೆ ಹಸಿರು ಇಲ್ಲವೇ ನೀಲಿ ನೋಡಿ.

ಈಗ ನಿಜವಾದ ಕೈಚಳಕ. ಲೇಯರ್‌ನ (ಚಿತ್ರದ ಪದರದ) ಒಂದು ನಕಲು ಮಾಡಿ, ಮೇಲಿನದನ್ನು ಮಸುಕು ಮಾಡಲು ಗಾಸಿಯನ್ ಬ್ಲರ್ ಕೊಡಿ. ಅಕ್ಷರಗಳೆಲ್ಲ ಕರಗಿ ಬರೀ ಕಲೆಯ ನೆರಳು ಉಳಿಯುವಷ್ಟು ಜಾಸ್ತಿ ಇರಲಿ. ಆ ಲೇಯರ್‌ನ ಮೋಡ್ ‘ಡಿವೈಡ್’ ಮಾಡಿ. ನೆರಳು ನೆರಳನ್ನೇ ಭಾಗಿಸಿ ಹಿನ್ನೆಲೆ ಬೆಳ್ಳಗಾಗುತ್ತದೆ, ಅಕ್ಷರ ಉಳಿಯುತ್ತದೆ. ಮೊದಲ ಸಲ ನೋಡಿದಾಗ ಖುಷಿಯಾಗುತ್ತದೆ! ಎರಡೂ ಲೇಯರ್ ಸೇರಿಸಿ, ಆಮೇಲಷ್ಟೇ ‘ಥ್ರೆಶೋಲ್ಡ್’, ಅಂದರೆ ಕಪ್ಪು-ಬಿಳುಪಿನ ಗಡಿ ಹಾಕಿ.

ಇಷ್ಟಾದರೂ ಬಗ್ಗದ ಪುಟಕ್ಕೆ ಸ್ಕ್ಯಾನ್ ಟೇಲರ್ ಅಡ್ವಾನ್ಸ್‌ಡ್ ಎಂಬ ಇನ್ನೊಂದು ತಂತ್ರಾಂಶದಲ್ಲಿ ಸೌವೊಲಾ ವಿಧಾನವಿದೆ. ಅದು ಪ್ರತಿ ಚುಕ್ಕಿಯ ಅಕ್ಕಪಕ್ಕ ನೋಡಿ ಅಲ್ಲಲ್ಲಿಗೆ ಬೇರೆ ಬೇರೆ ಗಡಿ ಹಾಕುತ್ತದೆ.

ಕೊನೆಗೆ ಉಳಿದ ಪುಡಿ ಚುಕ್ಕೆಗಳು. ಇಲ್ಲಿ ಕೈ ಬಿಗಿ ಇರಲಿ. ಚುಕ್ಕೆ ಅಳಿಸುವ ‘ಡಿಸ್ಪೆಕಲ್’ಗೆ ಧೂಳು ಯಾವುದು, ಅಕ್ಷರದ ತುಣುಕು ಯಾವುದು ಗೊತ್ತಾಗುವುದಿಲ್ಲ. ಹೊಟ್ಟೆ ಸೀಳು ಅಳಿಸಿಹೋದರೆ ‘ಧನ’ ‘ದನ’ವಾಗುತ್ತದೆ. ಅಂಕಿಗಳ ನಡುವಿನ ಬಿಂದು ಹೋದರಂತೂ ಲೆಕ್ಕವೇ ಬೇರೆ. ಒಂದೆರಡು ಸಾಲನ್ನಾದರೂ ಮೂಲದ ಜೊತೆ ಇಟ್ಟು ನೋಡಿ.

ಉಳಿಸುವಾಗ 1 ಬಿಟ್ (ಬರೀ ಕಪ್ಪು, ಬಿಳಿ) ಟಿಫ್, ಗ್ರೂಪ್ 4 ಕಂಪ್ರೆಶನ್. ಫೈಲ್ ಪುಟ್ಟದಾಗುತ್ತದೆ, ಅಕ್ಷರಕ್ಕೆ ಏನೂ ಆಗುವುದಿಲ್ಲ. ಜಾಗ ಉಳಿಯಿತೆಂದು ಬಣ್ಣದ ಸ್ಕ್ಯಾನ್ ಅಳಿಸಿಬಿಡಬೇಡಿ ಮತ್ತೆ.